ಓಯುಜಿಎಚ್: ಇಂಗ್ಲಿಷಿನ ಒಂದು ಅಕ್ಷರಗುಂಪು

ಇಂಗ್ಲಿಷ್ ಬರವಣಿಗೆಯಲ್ಲಿ ಓ, ಯು, ಜಿ, ಎಚ್ ಎಂಬ ನಾಲ್ಕು ಅಕ್ಷರಗಳು ಇದೇ ಕ್ರಮದಲ್ಲಿ ಒಟ್ಟಾಗಿ ಬರುವ ಗುಂಪು. ನೇಗಿಲು ಎಂಬರ್ಥದ ಪ್ಲೌ, ಕೆಮ್ಮು ಎಂಬರ್ಥದ ಕಾಫ್, ‘ಸಾಕು’ ಎನ್ನುವ ಇನಫ್, ‘ಮೂಲಕ’ ಎನ್ನುವ ಥ್ರೂ, ‘ಆದರೂ’ ಎನ್ನುವ ದೋ, ಯೋಚನೆಯನ್ನು ಹೇಳುವ ಥಾಟ್, ‘ಕೂಲಂಕಷ’ ಎನ್ನುವ ಥರೋ, ಇವೆಲ್ಲವುಗಳ ಸ್ಪೆಲ್ಲಿಂಗಿನಲ್ಲಿ ಈ ಗುಂಪು ಇದೆ. ಉಚ್ಚಾರ ಮಾತ್ರ ಒಂದರಂತೆ ಇನ್ನೊಂದಿಲ್ಲ. ಕನ್ನಡ ಲಿಪಿಗೆ ಇಳಿಸಿದ ಕೂಡಲೇ ಈ ಪದಗಳ ನಂಟು ಕಣ್ಣಿಗೆ ಬೀಳದಂತಾಗುತ್ತದೆ, ಏಕೆಂದರೆ ನಾವು ಬರೆಯುವುದು ಕಿವಿಗೆ ಕೇಳಿದ್ದನ್ನು. ಇಂಗ್ಲಿಷಿನವರು ಇಲ್ಲಿ ಬರೆಯುತ್ತಿರುವುದು ಆರು ನೂರು ವರ್ಷಗಳ ಹಿಂದೆ ಕೇಳುತ್ತಿದ್ದುದನ್ನು.

ಇಂಗ್ಲಿಷ್ ಸ್ಪೆಲ್ಲಿಂಗಿಗೆ ತಲೆಬುಡವಿಲ್ಲ ಎಂದು ವಾದಿಸುವವರು ಮೊದಲು ಎತ್ತಿ ತೋರಿಸುವುದು ಈ ಗುಂಪನ್ನೇ. ಈ ದೂರು ಅರ್ಧ ಮಾತ್ರ ನ್ಯಾಯವಾದದ್ದು. ಇಲ್ಲಿರುವ ಹೆಚ್ಚಿನ ಪದಗಳಲ್ಲಿ ಹಿಂದೆ ಒಂದೇ ವ್ಯಂಜನವಿತ್ತು. ಅದು ಸತ್ತಾಗ ಒಂದೊಂದು ಪದದಲ್ಲಿ ಒಂದೊಂದು ಬಗೆಯ ಗುರುತು ಬಿಟ್ಟುಹೋಯಿತು. ಬಾಯಿ ಬದಲಾಯಿತು, ಲೇಖನಿ ಬದಲಾಗಲಿಲ್ಲ.

ಉಚ್ಚಾರದ ಹರವು

ಬ್ರಿಟನ್ನಿನ ಶಿಷ್ಟ ಉಚ್ಚಾರವನ್ನು ಹಿಡಿದು ಎಣಿಸಿದರೆ ಎಂಟು ಬಗೆಗಳು ಸುಲಭವಾಗಿ ಸಿಗುತ್ತವೆ. ಥ್ರೂನಲ್ಲಿ ಅದು ಊ. ದೋ, ಆಲ್ದೋ ಮತ್ತು ನಾದಿದ ಹಿಟ್ಟು ಎಂಬರ್ಥದ ಡೋ ಪದಗಳಲ್ಲಿ ಓ. ಪ್ಲೌ, ದೊಡ್ಡ ಕೊಂಬೆ ಎಂಬರ್ಥದ ಬೌ, ಬರಗಾಲ ಎಂಬರ್ಥದ ಡ್ರೌಟ್, ಕೆಚ್ಚೆದೆಯ ಎಂಬರ್ಥದ ಡೌಟಿ ಪದಗಳಲ್ಲಿ ಔ. ಥಾಟ್, ಬಾಟ್, ಬ್ರಾಟ್, ಫಾಟ್, ಸಾಟ್ ಎಂಬ ಭೂತಕಾಲದ ರೂಪಗಳಲ್ಲಿ ಆ ಮತ್ತು ಓ ನಡುವೆ ನಿಲ್ಲುವ ದೀರ್ಘ ಸ್ವರ. ರಫ್, ಟಫ್, ಇನಫ್ ಪದಗಳಲ್ಲಿ ಅಫ್. ಕಾಫ್ ಮತ್ತು ದನಗಳಿಗೆ ನೀರು, ಮೇವು ಹಾಕುವ ಬಾನಿಯ ಹೆಸರಾದ ಟ್ರಾಫ್ ಪದಗಳಲ್ಲಿ ಆಫ್. ಥರೋ, ಬರೋ ಎಂದು ನಾವು ಹೇಳುವ ಪದಗಳ ಕೊನೆಯಲ್ಲಿ ಬ್ರಿಟಿಷರ ಬಾಯಲ್ಲಿ ಕೇಳಿಸಿಯೂ ಕೇಳಿಸದಂಥ ಅ. ಅಮೆರಿಕನ್ನರು ಅಲ್ಲೂ ಓ ಎನ್ನುತ್ತಾರೆ. ಇನ್ನು ಬಿಕ್ಕಳಿಕೆಗೆ ಇರುವ ಹಿಕಪ್ ಪದದ ಒಂದು ಹಳೆಯ ಸ್ಪೆಲ್ಲಿಂಗಿನಲ್ಲಿ ಈ ನಾಲ್ಕು ಅಕ್ಷರಗಳು ಅಪ್ ಎಂದು ಓದಿಸಿಕೊಳ್ಳುತ್ತವೆ. ಐರ್ಲೆಂಡಿನಲ್ಲಿ ಸರೋವರಕ್ಕೆ ಹೇಳುವ ಲಾಖ್ ಎಂಬುದನ್ನೂ, ಪ್ರಾಣಿಯ ಹಿಂಗಾಲಿನ ಕೀಲಿಗೆ ಹೇಳುವ ಹಾಕ್ ಎಂಬುದರ ಹಳೆಯ ಬರಹವನ್ನೂ ಸೇರಿಸಿದರೆ ಲೆಕ್ಕ ಹತ್ತಕ್ಕೆ ಮುಟ್ಟುತ್ತದೆ.

ಒಂದೇ ಸ್ಪೆಲ್ಲಿಂಗಿಗೆ ಎರಡು ಪದಗಳು ಜೋತುಬಿದ್ದ ಉದಾಹರಣೆಯೂ ಇದೆ. ಕೆಸರಿನ ಹೊಂಡಕ್ಕೆ ಬ್ರಿಟನ್ನಿನಲ್ಲಿ ಸ್ಲೌ ಎನ್ನುತ್ತಾರೆ, ಅಮೆರಿಕದ ಹಲವೆಡೆ ಸ್ಲೂ ಎನ್ನುತ್ತಾರೆ. ಹಾವು ಕಳಚುವ ಪೊರೆಗೂ ಅದೇ ಅಕ್ಷರಗಳು, ಆದರೆ ಅದು ಸ್ಲಫ್. ಮೂಲದಲ್ಲಿ ಇವೆರಡೂ ಬೇರೆ ಬೇರೆ ಪದಗಳು.

ಸತ್ತ ವ್ಯಂಜನ

ಹಳೆಯ ಇಂಗ್ಲಿಷಿನಲ್ಲಿ, ಅಂದರೆ 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆಲ್ಲುವುದಕ್ಕೆ ಮುಂಚಿನ ಭಾಷೆಯಲ್ಲಿ, ಗಂಟಲಿನ ಹತ್ತಿರ ಉಸಿರನ್ನು ಉಜ್ಜಿ ಹೊರಡಿಸುವ ಒಂದು ಧ್ವನಿ ಇತ್ತು. ಉರ್ದು ಮನೆಮಾತಿನವರು ಖಾನ್, ಖಬರ್ ಎಂದು ಅಚ್ಚುಕಟ್ಟಾಗಿ ಉಚ್ಚರಿಸುವಾಗ ಕೇಳುವ ಧ್ವನಿಯೇ ಅದು. ಕನ್ನಡದ ಮಹಾಪ್ರಾಣ ಖ ಅಲ್ಲ. ಇಂದಿನ ಟಫ್ ಆಗ ಟೋಖ್, ರಫ್ ಆಗ ರೂಖ್, ಥ್ರೂ ಆಗ ಥುರ್ಖ್, ಥಾಟ್ ಆಗ ಥೋಖ್ಟೆ. ಅದನ್ನು ಬರೆಯುತ್ತಿದ್ದುದು ಎಚ್ ಎಂಬ ಒಂದೇ ಅಕ್ಷರದಿಂದ.

ನಾರ್ಮನ್ನರ ಕಾಲದ ನಂತರ ಬರಹಗಾರರ ಪದ್ಧತಿ ಬದಲಾಯಿತು. ಈ ಧ್ವನಿಗೆ ಕೆಲವರು ಯೋಖ್ ಎಂಬ ಹಳೆಯ ಅಕ್ಷರವನ್ನು ಬಳಸಿದರು, ಕ್ರಮೇಣ ಜಿ ಮತ್ತು ಎಚ್ ಜೋಡಿ ನೆಲೆನಿಂತಿತು. ಯೋಖ್ ನೋಡಲು ಮೂರರ ಅಂಕಿಯಂತೆ, ಬಾಲ ಬಿಟ್ಟ ಝಡ್‌ನಂತೆ ಇತ್ತು. ಸ್ಕಾಟ್ಲೆಂಡಿನ ಮುದ್ರಕರ ಬಳಿ ಅದರ ಅಚ್ಚುಮೊಳೆ ಇಲ್ಲದೆ ಝಡ್ ಇಟ್ಟರು. ಮೆಂಝೀಸ್ ಎಂದು ಬರೆಯುವ ಮನೆತನದ ಹೆಸರನ್ನು ಸ್ಕಾಟ್ಲೆಂಡಿನ ಹಳಬರು ಇಂದಿಗೂ ಮಿಂಗಿಸ್ ಎನ್ನುವುದು ಆ ಮೊಳೆಯ ಕೊರತೆಯಿಂದಲೇ.

ಗುಂಪಿನ ಮೊದಲರ್ಧವಾದ ಓ ಮತ್ತು ಯು ಎರಡು ದಾರಿಯಿಂದ ಬಂದವು. ಒಂದು, ಓ ಸ್ವರಕ್ಕೂ ಖ್ ಧ್ವನಿಗೂ ನಡುವೆ ನಾಲಿಗೆ ಜಾರಿ ಒಂದು ಸಣ್ಣ ಉ ಹುಟ್ಟಿಕೊಂಡಿತು. ಥಾಟ್, ಬಾಟ್ ಮುಂತಾದವು ಹೀಗೆ. ಎರಡು, ದೀರ್ಘ ಊ ಸ್ವರವನ್ನು ಫ್ರೆಂಚ್ ರೀತಿಯಲ್ಲಿ ಓ-ಯು ಎಂದು ಬರೆಯುವ ರೂಢಿ ಇಂಗ್ಲೆಂಡಿಗೂ ಬಂತು. ರಫ್, ಥ್ರೂ, ಡ್ರೌಟ್ ಹೀಗೆ. ಎರಡು ಬೇರೆ ಸ್ವರಗಳು ಬರಹದಲ್ಲಿ ಒಂದೇ ವೇಷ ತೊಟ್ಟದ್ದು ಇಲ್ಲಿಯೇ. ಹಾಗಾಗಿ ಖ್ ಧ್ವನಿ ಸಾಯುವ ಮೊದಲೇ ಗೊಂದಲಕ್ಕೆ ಬೀಜ ಬಿದ್ದಿತ್ತು.

ವಿಲಿಯಂ ಕ್ಯಾಕ್ಸ್‌ಟನ್ 1476ರಲ್ಲಿ ವೆಸ್ಟ್‌ಮಿನ್‌ಸ್ಟರಿನಲ್ಲಿ ಇಂಗ್ಲೆಂಡಿನ ಮೊದಲ ಮುದ್ರಣಾಲಯ ತೆರೆದ. ಅಲ್ಲಿಂದ ಮುಂದಿನ ಸುಮಾರು ಇನ್ನೂರು ವರ್ಷಗಳಲ್ಲಿ ಮುದ್ರಕರು ಸ್ಪೆಲ್ಲಿಂಗನ್ನು ಗಟ್ಟಿ ಮಾಡುತ್ತಾ ಹೋದರು. ದುರದೃಷ್ಟವೆಂದರೆ ಇಂಗ್ಲಿಷಿನ ದೀರ್ಘ ಸ್ವರಗಳೆಲ್ಲ ಸ್ಥಾನಪಲ್ಲಟಗೊಂಡದ್ದೂ, ಖ್ ಧ್ವನಿ ದಕ್ಷಿಣ ಇಂಗ್ಲೆಂಡಿನಲ್ಲಿ ಕಣ್ಮರೆಯಾದದ್ದೂ ಹೆಚ್ಚುಕಡಿಮೆ ಅದೇ ಅವಧಿಯಲ್ಲಿ. ಕನ್ನಡದಲ್ಲೂ ಧ್ವನಿಗಳು ಸತ್ತಿವೆ. ಹಳಗನ್ನಡದ ೞ ಎಲ್ಲೆಲ್ಲಿ ಬರಬೇಕೆಂದು 13ನೇ ಶತಮಾನದಲ್ಲಿ ಕೇಶಿರಾಜ ಶಬ್ದಮಣಿದರ್ಪಣದಲ್ಲಿ ಪ್ರತ್ಯೇಕವಾಗಿ ಹೇಳಬೇಕಾಯಿತು. ಬಾಯಲ್ಲಿ ಅದು ಅಷ್ಟರಲ್ಲಿ ಳ ಆಗಿತ್ತು. ಆದರೆ ನಮ್ಮಲ್ಲಿ ಅಕ್ಷರವೂ ಧ್ವನಿಯ ಹಿಂದೆಯೇ ಹೋಯಿತು, ಮೞೆ ಬರಹದಲ್ಲೂ ಮಳೆಯಾಯಿತು. ಇಂಗ್ಲಿಷಿನಲ್ಲಿ ಅಚ್ಚುಮೊಳೆ ಅಡ್ಡ ನಿಂತಿತು.

ಎಫ್ ಎಲ್ಲಿಂದ ಬಂತು?

ಖ್ ಸಾಯುವಾಗ ಎರಡು ದಾರಿ ಹಿಡಿಯಿತು. ಕೆಲವೆಡೆ ಸದ್ದಿಲ್ಲದೆ ಹೊರಟುಹೋಯಿತು, ಹೋಗುವಾಗ ಹಿಂದಿನ ಸ್ವರವನ್ನು ಉದ್ದ ಮಾಡಿತು. ಇನ್ನು ಕೆಲವೆಡೆ ಫ್ ಆಯಿತು. ಗಂಟಲಿನ ಧ್ವನಿ ತುಟಿಗೆ ಹಾರುವುದು ವಿಚಿತ್ರವಾಗಿ ಕಾಣಬಹುದು. ಊ, ಓ ಹೇಳುವಾಗ ತುಟಿ ದುಂಡಗಾಗುತ್ತದೆ; ಆ ದುಂಡಗಿನ ತುಟಿಯಲ್ಲೇ ಖ್ ಹೇಳಿದರೆ ಕೇಳುವವರ ಕಿವಿಗೆ ಅದು ಫ್‌ಗೆ ಬಲು ಹತ್ತಿರ. ಮಗು ಕಲಿಯುವುದು ಕೇಳಿದ್ದನ್ನು. ಒಂದೆರಡು ತಲೆಮಾರು ಕಳೆಯುವಷ್ಟರಲ್ಲಿ ಫ್ ಬೇರುಬಿಟ್ಟಿತು.

ಯಾವ ಪದ ಯಾವ ದಾರಿ ಹಿಡಿಯಿತು ಎನ್ನುವುದರಲ್ಲಿ ವ್ಯಾಕರಣದ ಪಾತ್ರವೂ ಇದೆ. ಹಳೆಯ ಇಂಗ್ಲಿಷಿನಲ್ಲಿ ನಾಮಪದಗಳಿಗೆ ವಿಭಕ್ತಿ, ವಚನದ ಪ್ರತ್ಯಯಗಳಿದ್ದವು. ಏಕವಚನದಲ್ಲಿ ಪದದ ಕೊನೆಗೆ ಖ್ ಇದ್ದಲ್ಲಿ, ಪ್ರತ್ಯಯ ಸೇರಿದಾಗ ಅದು ಎರಡು ಸ್ವರಗಳ ನಡುವೆ ಸಿಕ್ಕಿ ಮೆದುವಾಗಿ ವ್ ಆಗುತ್ತಿತ್ತು. ಬೌ, ಪ್ಲೌ ಪದಗಳಲ್ಲಿ ಗೆದ್ದದ್ದು ಈ ಮೆದು ರೂಪ. ಇನಫ್ ಪದದಲ್ಲಿ ಗಟ್ಟಿ ರೂಪ ಗೆದ್ದಿತು, ಆದರೂ ಬಹಳ ಕಾಲ ಬಹುವಚನಕ್ಕೆ ಎನೌ ಎಂಬ ಇನ್ನೊಂದು ರೂಪ ಜೊತೆಯಲ್ಲೇ ಬದುಕಿತ್ತು. ಕುಳ್ಳ ಎಂಬರ್ಥದ ಡ್ವಾರ್ಫ್ ಪದದ ಕೊನೆಯ ಫ್ ಕೂಡ ಇದೇ ಮೂಲದ್ದು. ಅದೃಷ್ಟವಶಾತ್ ಅದನ್ನು ಕೇಳಿದಂತೆಯೇ ಬರೆದರು.

ಪ್ರಾಂತ್ಯಭೇದವೂ ಸೇರಿಕೊಂಡಿತು. ಲಂಡನ್ನಿಗೆ ನಾನಾ ಕಡೆಯ ಜನ ವಲಸೆ ಬಂದು ತಮ್ಮ ತಮ್ಮ ಉಚ್ಚಾರ ತಂದರು. ನಾದಿದ ಹಿಟ್ಟಿಗೆ ಶಿಷ್ಟರು ಡೋ ಎಂದರೆ ಉತ್ತರದವರು ಡಫ್ ಎಂದರು. ಒಣದ್ರಾಕ್ಷಿ ಹಾಕಿ ಬೇಯಿಸುವ ಪ್ಲಮ್ ಡಫ್ ಎಂಬ ಸಿಹಿಯ ಹೆಸರಿನಲ್ಲಿ ಅದು ಇನ್ನೂ ಉಳಿದಿದೆ. ಮಗಳಿಗೆ ಡಾಟರ್ ಬದಲು ಡಾಫ್ಟರ್ ಎನ್ನುವವರೂ ಇದ್ದರು. ಸ್ಕಾಟ್ಲೆಂಡಿನ ಸ್ಕಾಟ್ಸ್ ನುಡಿಯಲ್ಲಿ ಖ್ ಸಾಯಲೇ ಇಲ್ಲ: ಅಲ್ಲಿ ಥಾಟ್ ಎಂಬುದು ಥಾಖ್ಟ್, ಡಾಟರ್ ಎಂಬುದು ಡಾಖ್ಟರ್. ಜರ್ಮನ್ ಭಾಷೆಯ ಟೋಖ್ಟರ್ (ಮಗಳು), ಡಾಖ್ಟೆ (ಯೋಚಿಸಿದ), ಬ್ರಾಖ್ಟೆ (ತಂದ) ಕೇಳಿದರೆ ಇಂಗ್ಲಿಷ್ ಸ್ಪೆಲ್ಲಿಂಗಿನಲ್ಲಿ ಜಿ-ಎಚ್ ಏಕೆ ಕೂತಿದೆ ಎಂಬುದು ಬೇರೆ ವಿವರಣೆ ಇಲ್ಲದೆಯೇ ತಿಳಿಯುತ್ತದೆ.

ಭೂತಕಾಲದ ಗುಟ್ಟು

ಈ ಕುಟುಂಬದಲ್ಲಿ ಅತಿ ಶಿಸ್ತಿನ ಶಾಖೆಯೆಂದರೆ ಕೊನೆಯಲ್ಲಿ ಟಿ ಇರುವ ಕ್ರಿಯಾರೂಪಗಳು. ಥಿಂಕ್–ಥಾಟ್, ಬ್ರಿಂಗ್–ಬ್ರಾಟ್, ಸೀಕ್–ಸಾಟ್, ಬೈ–ಬಾಟ್. ಶಾಲೆಯಲ್ಲಿ ಇವನ್ನು ನಿಯಮ ಮೀರಿದ ಕ್ರಿಯಾಪದಗಳೆಂದು ಉರುಹೊಡೆಸುತ್ತಾರೆ. ನಿಜಕ್ಕೂ ಇಲ್ಲಿ ನಿಯಮವಿದೆ. ಧಾತುವಿನ ಕೊನೆಯಲ್ಲಿದ್ದ ಕ್ ಅಥವಾ ಗ್, ಭೂತಕಾಲದ ಟ್ ಎದುರಾದಾಗ ಖ್ ಆಗುವುದು ಜರ್ಮಾನಿಕ್ ಭಾಷೆಗಳ ಪುರಾತನ ಸಂಧಿ. ಥಿಂಕ್ ಮತ್ತು ಸೀಕ್ ಪದಗಳ ಕ್ ಇಂದಿಗೂ ವರ್ತಮಾನದಲ್ಲಿ ಕೇಳುತ್ತದೆ, ಬ್ರಿಂಗ್ ಪದದ ಗ್ ಬರಹದಲ್ಲಾದರೂ ಉಳಿದಿದೆ; ಭೂತಕಾಲದಲ್ಲಿ ಅವು ಜಿ-ಎಚ್ ಆಗಿ ಕಾಣುತ್ತವೆ. ಕೆಲಸ ಎಂಬ ವರ್ಕ್ ಪದಕ್ಕೂ ಹೀಗೆಯೇ ರಾಟ್ ಎಂಬ ಭೂತರೂಪವಿತ್ತು. ಅದು ಮಾತಿನಿಂದ ಹೋಗಿ, ಕಿಟಕಿಯ ಸರಳು, ಗೇಟುಗಳಿಗೆ ಬಳಸುವ ರಾಟ್ ಐರನ್ ಎಂಬ ಹೆಸರಿನಲ್ಲಿ ಉಳಿದುಕೊಂಡಿದೆ: ಬಡಿದು ಕೆಲಸ ಮಾಡಿದ ಕಬ್ಬಿಣ.

‘ಮಾಡಬೇಕು’ ಎಂಬ ಕರ್ತವ್ಯವನ್ನು ಹೇಳುವ ಆಟ್ ಕೂಡ ಮೂಲದಲ್ಲಿ ಭೂತಕಾಲವೇ. ಅದು ಓ ಎಂಬ ಕ್ರಿಯಾಪದದ, ಅಂದರೆ ಸಾಲವಿರುವುದು ಎಂಬರ್ಥದ ಪದದ ಹಳೆಯ ರೂಪ. ಸೊನ್ನೆ ಎಂಬರ್ಥದ ನಾಟ್ ಪದದ ಇನ್ನೊಂದು ಸ್ಪೆಲ್ಲಿಂಗಿನಿಂದ ನಾಟಿ ಹುಟ್ಟಿತು. ಮೊದಲು ಅದು ಏನೂ ಇಲ್ಲದವನು, ಆಮೇಲೆ ಕೆಟ್ಟವನು, ಈಗ ಬರೀ ತುಂಟ.

ಸಂಸ್ಕೃತದ ದಾಯಾದಿಗಳು

ಇಂಗ್ಲಿಷ್ ಮತ್ತು ಸಂಸ್ಕೃತ ಒಂದೇ ಮೂಲಭಾಷೆಯ ಕವಲುಗಳಾದ್ದರಿಂದ ಓಯುಜಿಎಚ್ ಪದಗಳ ಬಂಧುಗಳು ಕನ್ನಡಿಗರ ಬಾಯಲ್ಲಿ ದಿನವೂ ಓಡಾಡುತ್ತಿದ್ದಾರೆ. ಕೊಂಬೆ ಎಂಬರ್ಥದ ಬೌ ಮೊದಲು ತೋಳು, ಭುಜ ಎಂಬರ್ಥದ ಪದ; ಅದರ ಸಂಸ್ಕೃತ ದಾಯಾದಿ ಬಾಹು. ಮರದ ತೋಳು ಕೊಂಬೆಯಾಯಿತು. ಹಿಟ್ಟಿನ ಡೋ ಪದದ ಮೂಲಧಾತುವಿಗೆ ಮೆತ್ತು, ನಾದು, ರೂಪಿಸು ಎಂದರ್ಥ. ಅದೇ ಧಾತುವಿನಿಂದ ಸಂಸ್ಕೃತದಲ್ಲಿ ದೇಹ. ಇಂಗ್ಲಿಷಿನ ಲೇಡಿ ಕೂಡ ಇದೇ ಬಳಗದವಳು: ಹಳೆಯ ರೂಪದಲ್ಲಿ ಅವಳು ರೊಟ್ಟಿಯ ಹಿಟ್ಟು ನಾದುವವಳು. ಆಟ್ ಮತ್ತು ಓ ಪದಗಳ ಮೂಲ ಒಡೆತನವನ್ನು ಹೇಳುವಂಥದ್ದು, ಸಂಸ್ಕೃತದ ಈಶ ಅದರ ನೆಂಟ. ಪಕ್ಕದ ಮನೆಯ ಸ್ಪೆಲ್ಲಿಂಗುಗಳಿಗೂ ಇಣುಕಿದರೆ ಡಾಟರ್‌ಗೆ ದುಹಿತೃ, ನೈಟ್‌ಗೆ ನಕ್ತ, ಎಯ್ಟ್‌ಗೆ ಅಷ್ಟ. ಬಾಹು, ದುಹಿತೃ ಪದಗಳ ಹ ಇರುವ ಜಾಗದಲ್ಲೇ, ನಕ್ತದ ಕ ಇರುವ ಜಾಗದಲ್ಲೇ ಇಂಗ್ಲಿಷಿನ ಜಿ-ಎಚ್ ಮೌನವಾಗಿ ಕೂತಿದೆ. ಅದನ್ನು ವ್ಯರ್ಥ ಅಕ್ಷರವೆಂದು ಕಿತ್ತೆಸೆದರೆ ಈ ನಂಟಿನ ಗುರುತೂ ಅಳಿಯುತ್ತದೆ.

ತದ್ವಿರುದ್ಧವಾಗಿ, ನಂಟಿಲ್ಲದೆಯೂ ನಂಟಿನಂತೆ ಕಾಣುವ ಜೋಡಿ ಒಂದಿದೆ. ಕರ್ನಾಟಕದಲ್ಲಿ ಕೆಮ್ಮಿನ ಔಷಧಿಯನ್ನು ಬಹಳ ಮಂದಿ ಕಫ್ ಸಿರಪ್ ಎನ್ನುತ್ತಾರೆ. ರಫ್, ಟಫ್ ಜಾಡಿನಲ್ಲಿ ಓದಿದ್ದು ಒಂದು ಕಾರಣ, ಆಯುರ್ವೇದದ ಕಫ ಕಿವಿಯಲ್ಲಿ ಕೂತಿರುವುದು ಇನ್ನೊಂದು ಕಾರಣ ಇರಬೇಕು. ಕೆಮ್ಮಿನ ಸದ್ದನ್ನೇ ಅನುಕರಿಸಿ ಹುಟ್ಟಿದ ಇಂಗ್ಲಿಷ್ ಪದಕ್ಕೂ ಕಫಕ್ಕೂ ಸಂಬಂಧವಿಲ್ಲ. ಬಂದ ಅರ್ಥ ಮಾತ್ರ ಕೆಡುವುದಿಲ್ಲ.

ನುಸುಳಿಕೊಂಡವು

ಎಲ್ಲ ಓಯುಜಿಎಚ್ ಪದಗಳಿಗೂ ಇಂಥ ವಂಶಾವಳಿ ಇಲ್ಲ. ಬಿಕ್ಕಳಿಕೆಯ ಸದ್ದನ್ನು ಹಿಡಿದು 16ನೇ ಶತಮಾನದಲ್ಲಿ ಹುಟ್ಟಿದ ಹಿಕಪ್ ಪದವನ್ನು ಯಾರೋ ಪಂಡಿತಂಮನ್ಯರು ಕೆಮ್ಮಿಗೆ ಸಂಬಂಧಿಸಿದ್ದೆಂದು ಭಾವಿಸಿ, ಕಾಫ್ ಪದದ ಸ್ಪೆಲ್ಲಿಂಗನ್ನು ಅದರ ಬಾಲಕ್ಕೆ ಕಟ್ಟಿದರು. ಉಚ್ಚಾರ ಹಿಕಪ್ ಆಗಿಯೇ ಉಳಿಯಿತು. ಇದಕ್ಕೆ ಸಮರ್ಥನೆಯೇ ಇಲ್ಲ. ಇಂದಿನ ನಿಘಂಟುಗಳು ಸರಳ ರೂಪವನ್ನೇ ಮುಂದಿಡುತ್ತವೆ.

ರಜೆ ಎಂಬರ್ಥದ ಫರ್ಲೋ ಡಚ್ ಭಾಷೆಯ ವರ್ಲೋಫ್ ಪದದಿಂದ 17ನೇ ಶತಮಾನದಲ್ಲಿ ಬಂದದ್ದು. ಮೊದಲು ಸೈನಿಕರ ರಜೆ. ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿಗಳು ಭಾರತದಿಂದ ಊರಿಗೆ ಹೋಗಲು ಪಡೆಯುತ್ತಿದ್ದ ದೀರ್ಘ ರಜೆಯೂ ಫರ್ಲೋ. ಭಾರತದ ಕಾರಾಗೃಹ ನಿಯಮಗಳಲ್ಲಿ ಪೆರೋಲ್ ಜೊತೆಗೆ ಈ ಪದ ಈಗಲೂ ಇದೆ, ಕನ್ನಡ ಪತ್ರಿಕೆಗಳ ಓದುಗರಿಗೆ ಅದು ಅಲ್ಲಿಂದಲೇ ಪರಿಚಯ. ಕೋವಿಡ್ ಕಾಲದಲ್ಲಿ, 2020ರಿಂದ 2021ರವರೆಗೆ, ಕೆಲಸವಿಲ್ಲದೆ ಮನೆಯಲ್ಲಿರುವ ನೌಕರರ ಸಂಬಳದ ಭಾಗವನ್ನು ಬ್ರಿಟಿಷ್ ಸರ್ಕಾರ ತುಂಬಿಕೊಟ್ಟ ಯೋಜನೆ ಫರ್ಲೋ ಎಂಬ ಹೆಸರಿನಿಂದಲೇ ಮನೆಮಾತಾಯಿತು.

ಊರು, ಕೆರೆ, ಮನೆತನ

ಸ್ಥಳನಾಮಗಳಲ್ಲಿ ಈ ಗುಂಪು ಹೆಚ್ಚು ಮೊಂಡು. ಲೆಸ್ಟರ್‌ಶೈರಿನ ಲಫ್‌ಬರ ಪಟ್ಟಣದ ಹೆಸರಿನಲ್ಲಿ ಅದು ಎರಡು ಸಲ ಬರುತ್ತದೆ, ಒಮ್ಮೆ ಅಫ್, ಒಮ್ಮೆ ಬರಿಯ ಅ. ಕೋಟೆಕಟ್ಟಿದ ಊರು ಎಂಬರ್ಥದ ಹಳೆಯ ಬುರ್ಖ್ ಪದವೇ ಸ್ಕಾರ್‌ಬರದಂಥ ಹೆಸರುಗಳ ಬಾಲದಲ್ಲಿದೆ. ಎಡಿನ್‌ಬರದಲ್ಲಿ ಇರುವುದೂ ಅದೇ ಪದ, ಸ್ಪೆಲ್ಲಿಂಗ್ ಬೇರೆ. ಲಂಡನ್ನಿನ ಪಶ್ಚಿಮಕ್ಕಿರುವ ಸ್ಲೌ ಪಟ್ಟಣದ ಹೆಸರಿಗೆ ಕೆಸರು ಎಂದರ್ಥ. ಖಗೋಳಜ್ಞ ವಿಲಿಯಂ ಹರ್ಷೆಲ್ 1789ರಲ್ಲಿ ತನ್ನ 40 ಅಡಿಯ ದೂರದರ್ಶಕವನ್ನು ಪೂರ್ಣಗೊಳಿಸಿದ್ದು ಅಲ್ಲಿ. ಉತ್ತರ ಐರ್ಲೆಂಡಿನ ಲಾಖ್ ನೇ, ಸುಮಾರು 390 ಚದರ ಕಿಲೋಮೀಟರು ಹರಡಿರುವ ಸರೋವರ, ಬ್ರಿಟಿಷ್ ದ್ವೀಪಗಳಲ್ಲಿ ವಿಸ್ತಾರದಲ್ಲಿ ಅತಿ ದೊಡ್ಡದು. ಮನೆತನದ ಹೆಸರುಗಳಲ್ಲಿ ಗಾಫ್, ಮೆಕಲ, ಬ್ರೂಮ್ ಎಲ್ಲವೂ ಇದೇ ಅಕ್ಷರಗಳಿಂದ ಬರೆಯಲ್ಪಡುತ್ತವೆ. ಇಲ್ಲಿ ನಿಯಮ ಹುಡುಕುವುದು ದಂಡ, ಆಯಾ ಊರಿನವರನ್ನೇ ಕೇಳಬೇಕು.

ತಿದ್ದುಪಡಿಯ ಯತ್ನಗಳು

ಅಮೆರಿಕದ ನಿಘಂಟುಕಾರ ನೋವಾ ವೆಬ್‌ಸ್ಟರ್ 1789ರಲ್ಲೇ ಟಫ್, ಪ್ಲೌ, ಡಾಟರ್, ಲಾಫ್ ಮುಂತಾದ ಪದಗಳನ್ನು ಕೇಳಿದಂತೆ ಬರೆಯೋಣ ಎಂದು ಸೂಚಿಸಿದ್ದ. ಅವುಗಳಲ್ಲಿ ಅಮೆರಿಕ ಒಪ್ಪಿಕೊಂಡದ್ದು ಮುಖ್ಯವಾಗಿ ನೇಗಿಲಿನ ಹೊಸ ಸ್ಪೆಲ್ಲಿಂಗನ್ನು. ಅಲ್ಲಿ ಈಗ ಅದನ್ನು ಓ-ಡಬ್ಲ್ಯು ಕೊನೆಯಿಂದ ಬರೆಯುತ್ತಾರೆ. 1906ರಲ್ಲಿ ಉಕ್ಕಿನ ಉದ್ಯಮಿ ಆಂಡ್ರ್ಯೂ ಕಾರ್ನೆಗಿಯ ಹಣದಿಂದ ಸರಳ ಸ್ಪೆಲ್ಲಿಂಗಿನ ಮಂಡಳಿಯೊಂದು ಸ್ಥಾಪನೆಯಾಗಿ, 300 ಪದಗಳ ಪಟ್ಟಿ ಹೊರಡಿಸಿತು. ದೋ, ಥ್ರೂ, ಥರೋ ಪದಗಳ ಮೊಟಕು ರೂಪಗಳು ಅದರಲ್ಲಿದ್ದವು. ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಆ ವರ್ಷದ ಆಗಸ್ಟಿನಲ್ಲಿ ಸರ್ಕಾರಿ ಮುದ್ರಣಾಲಯಕ್ಕೆ ಈ ಪಟ್ಟಿ ಅನುಸರಿಸಲು ಆಜ್ಞೆ ಮಾಡಿದರು. ಪತ್ರಿಕೆಗಳು ಗೇಲಿ ಮಾಡಿದವು, ಸಂಸತ್ತು ಒಪ್ಪಲಿಲ್ಲ, ಡಿಸೆಂಬರಿನ ಹೊತ್ತಿಗೆ ಆಜ್ಞೆ ಬಿದ್ದುಹೋಯಿತು. ಶಿಕಾಗೊ ಟ್ರಿಬ್ಯೂನ್ ಪತ್ರಿಕೆ ಮಾತ್ರ 1934ರಲ್ಲಿ ತಾನೇ ಮುಂದಾಗಿ ಇಂಥ ಮೊಟಕು ಸ್ಪೆಲ್ಲಿಂಗುಗಳನ್ನು ಅಚ್ಚು ಹಾಕತೊಡಗಿತು. ಕೊನೆಗೆ ದೋ ಮತ್ತು ಥ್ರೂ ಮೊಟಕುಗಳನ್ನು 1975ರಲ್ಲಿ ಕೈಬಿಟ್ಟಿತು. ಶಾಲೆಯಲ್ಲಿ ಮಕ್ಕಳು ಒಂದು ಕಲಿತು ಪತ್ರಿಕೆಯಲ್ಲಿ ಇನ್ನೊಂದು ನೋಡುವುದು ಯಾರಿಗೂ ಹಿತವಾಗಿರಲಿಲ್ಲ. ಆಜ್ಞೆಯಿಂದ ಆಗದ್ದನ್ನು ವ್ಯಾಪಾರ ಮಾಡಿತು. ಕಾರಿನಿಂದ ಇಳಿಯದೆ ತಿಂಡಿ ಕೊಳ್ಳುವ ಡ್ರೈವ್ ಥ್ರೂ ಫಲಕಗಳಲ್ಲಿ, ಬೆಂಗಳೂರಿನಲ್ಲೂ ಸಹ, ಜಿ-ಎಚ್ ಇಲ್ಲದ ಥ್ರೂ ಸಾಮಾನ್ಯ.

ಬರ್ನಾರ್ಡ್ ಷಾ ಹೆಸರಿಗೆ ಅಂಟಿಸಿದ ಒಂದು ಕುಚೋದ್ಯವನ್ನು ಇಲ್ಲಿ ಹೇಳಲೇಬೇಕು. ಇನಫ್ ಪದದ ಜಿ-ಎಚ್ ಅನ್ನು ಫ್ ಎಂದೂ, ಬಹುವಚನದ ವಿಮೆನ್ ಪದದ ಓ ಅನ್ನು ಇ ಎಂದೂ, ನೇಷನ್ ಪದದ ಟಿ-ಐ ಅನ್ನು ಶ್ ಎಂದೂ ಹಿಡಿದರೆ ಜಿ-ಎಚ್-ಓ-ಟಿ-ಐ ಎಂಬುದನ್ನು ಫಿಶ್ ಎಂದು ಓದಬಹುದು ಎನ್ನುವ ತಮಾಷೆ ಅದು. ಷಾ ಹುಟ್ಟುವುದಕ್ಕೆ ಮುಂಚೆ, 1855ರ ಒಂದು ಪತ್ರದಲ್ಲೇ ಅದು ಸಿಗುತ್ತದೆ. ತಮಾಷೆ ಚೆನ್ನಾಗಿದೆ, ತರ್ಕ ಸರಿಯಿಲ್ಲ: ಪದದ ಆರಂಭದಲ್ಲಿ ಜಿ-ಎಚ್ ಎಂದೂ ಫ್ ಆಗುವುದಿಲ್ಲ. ಘೋಸ್ಟ್ ಪದದ ಜಿ-ಎಚ್ ಬೇರೆಯದೇ, ಕ್ಯಾಕ್ಸ್‌ಟನ್ ಕಾಲದಲ್ಲಿ ಫ್ಲೆಮಿಶ್ ಭಾಷೆಯ ಪ್ರಭಾವದಿಂದ ಬಂದದ್ದು. ಡಚ್ ಲೇಖಕ ಖೆರಾರ್ಡ್ ನೋಲ್ಸ್ಟ್ ಟ್ರೆನಿಟೆ 1920ರಲ್ಲಿ ಪ್ರಕಟಿಸಿದ ‘ದಿ ಕೇಯಾಸ್’ ಎಂಬ ದೀರ್ಘ ಪದ್ಯ ಇಂಗ್ಲಿಷ್ ಸ್ಪೆಲ್ಲಿಂಗಿನ ಎಡವಟ್ಟುಗಳನ್ನೇ ಪೋಣಿಸಿದ್ದು. ಅಮೆರಿಕದ ‘ಐ ಲವ್ ಲೂಸಿ’ ಧಾರಾವಾಹಿಯ 1952ರ ಒಂದು ಕಂತಿನಲ್ಲಿ ಕ್ಯೂಬಾ ಮೂಲದ ಗಂಡ ಮಕ್ಕಳ ಪುಸ್ತಕ ಓದಲು ಹೋಗಿ ಬೌ, ರಫ್, ಥ್ರೂ, ಕಾಫ್‌ಗಳ ನಡುವೆ ಸಿಕ್ಕಿಬೀಳುವ ದೃಶ್ಯ ಇಂಗ್ಲಿಷನ್ನು ಎರಡನೆಯ ಭಾಷೆಯಾಗಿ ಕಲಿತ ಯಾರಿಗೂ ನಗು ತರಿಸುತ್ತದೆ.

ನಿಘಂಟು ಮತ್ತು ಪಾಠ

ಪದಗಳನ್ನು ಮೊದಲ ಅಕ್ಷರದಿಂದಲ್ಲ, ಕೊನೆಯ ಅಕ್ಷರದಿಂದ ಹಿಮ್ಮುಖವಾಗಿ ಜೋಡಿಸಿದ ನಿಘಂಟನ್ನು ಜಾನ್ ವಾಕರ್ 1775ರಲ್ಲಿ ಲಂಡನ್ನಿನಲ್ಲಿ ಹೊರತಂದ. ಅದು ಪ್ರಾಸ ಹುಡುಕುವವರಿಗಾಗಿ ಮಾಡಿದ್ದು. ಸಾಮಾನ್ಯ ನಿಘಂಟಿನಲ್ಲಿ ಚದುರಿಹೋಗುವ ಕಾಫ್, ಡೋ, ಪ್ಲೌ, ಥ್ರೂಗಳು ಇಂಥ ಜೋಡಣೆಯಲ್ಲಿ ಒಂದೇ ಕಡೆ ಸಾಲಾಗಿ ನಿಲ್ಲುತ್ತವೆ, ಪ್ರಾಸ ಮಾತ್ರ ಕೂಡುವುದಿಲ್ಲ. ಇಂಗ್ಲೆಂಡಿನಲ್ಲಿ 2014ರಿಂದ ಜಾರಿಯಲ್ಲಿರುವ ರಾಷ್ಟ್ರೀಯ ಪಠ್ಯಕ್ರಮ ಐದು ಮತ್ತು ಆರನೆಯ ವರ್ಷದ ಮಕ್ಕಳಿಗೆ ಓಯುಜಿಎಚ್ ಅನ್ನು ಹೆಸರಿಸಿಯೇ ಒಂದು ಪ್ರತ್ಯೇಕ ಸ್ಪೆಲ್ಲಿಂಗ್ ಪಾಠವಾಗಿ ಇಟ್ಟಿದೆ.

ಕನ್ನಡ ಮಾಧ್ಯಮದಿಂದ ಬಂದು ಇಂಗ್ಲಿಷ್ ಕಲಿಯುವವರು ಮೊದಲು ಈ ಗುಂಪಿನ ನಂತರ ಟಿ ಇದೆಯೇ ಎಂದು ನೋಡಬೇಕು. ಇದ್ದರೆ ಉಚ್ಚಾರ ಆಟ್, ಫ್ ಎಂದೂ ಬರುವುದಿಲ್ಲ. ಟಿ ಇಲ್ಲದೆ ಫ್ ಬರುವ ನಿತ್ಯಬಳಕೆಯ ಪದಗಳು ರಫ್, ಟಫ್, ಇನಫ್, ಕಾಫ್, ಟ್ರಾಫ್ ಎಂಬ ಐದೇ. ಟಿ ನಿಯಮವನ್ನು ಮುರಿಯುವ ಪದಗಳಲ್ಲಿ ಬಾಯಿಪಾಠ ಮಾಡಲೇಬೇಕಾದದ್ದು ಡ್ರೌಟ್. ಡೌಟಿ ಈಗ ಪುಸ್ತಕಗಳ ಹೊರಗೆ ಹೆಚ್ಚು ಕೇಳಿಸುವುದಿಲ್ಲ.